ಸತ್ಯವ್ವನ ಮುಂಗೈ

ಸತ್ಯವ್ವನ ಕಾಲಿಗೆ ಚಕ್ರ ಕಟ್ಟಿದೆ ಎಂದು ತಿಕೋಟಾದ ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ಉಣ್ಣಲು ಕೂತವಳು ರೊಟ್ಟಿ ಮುಗಿಯುವುದರೊಳಗೆ ನೀರಿಗೊಮ್ಮೆ, ಉಪ್ಪಿಗೊಮ್ಮೆ, ಸುಮ್ಮನೆ ಬಾಗಿಲಿಗೊಮ್ಮೆ ಎದ್ದು ಬರುವಳು. ಮಲಗಿದರೂ ಹೊರಳಾಟ. ಗಂಡ ಭಾಗಪ್ಪ ಪುಂಡಿನಾರಿನ ಹಗ್ಗ ಹೊಸೆದು ವಿಜಾಪುರದ ಗಾಂಧಿ ಚೌಕಿನಲ್ಲಿ ಮಾರುವವನು. ಊರ ಎತ್ತುಗಳನ್ನೆಲ್ಲ ಕಟ್ಟುವ ಹಗ್ಗ ಇವನದು, ಹೆಂಡತಿಯನ್ನು ಮಾತ್ರ ಒಂದು ಕಡೆ ಕೂಡಿಸಲಾರ ಎಂದು ಜನ ನಗುತ್ತಿದ್ದರು. ಜನಕ್ಕೇನು, ನಾಲಿಗೆಗೆ ಎಲುಬಿಲ್ಲ.

ಅರವತ್ತೊಂದರ ಚಳಿಗಾಲದಲ್ಲಿ ವಿಜಾಪುರದ ಸ್ಟೇಷನ್ ರಸ್ತೆಯ ಬಯಲಿನಲ್ಲಿ ಸರ್ಕಸ್ಸಿನ ಡೇರೆ ಬಿತ್ತು. ಗಂಡ ಹೆಂಡತಿ ನೋಡಲು ಹೋದರು. ಅಲ್ಲೊಬ್ಬ ಜಪಾನಿನವನು ನೆಲಕ್ಕೆ ಚಾಪೆ ಹಾಸಿ ತನ್ನ ಹೆಂಡತಿಯನ್ನು ಹಗ್ಗದಿಂದ ಕಟ್ಟುತ್ತಿದ್ದ. ಇದಕ್ಕೆ ಲೆಕ್ಕವಿಲ್ಲ, ಕಲಿತ ಪಾಠವಿಲ್ಲ, ಕೈ ಹೋದ ಹಾಗೆ ಕಟ್ಟುವುದು ಎಂದು ಸರ್ಕಸ್ಸಿನವನು ಕೂಗಿ ಹೇಳಿದ. ಜಪಾನಿನವನು ಆಕೆಯ ಉಸಿರು ನೋಡುವನು, ಒಂದು ಸುತ್ತು ಎಳೆಯುವನು, ನಿಲ್ಲುವನು. ಜನ ಸಿಳ್ಳೆ ಹಾಕಿದರು. ಸತ್ಯವ್ವ ಮಾತ್ರ ಕಟ್ಟಿಸಿಕೊಂಡವಳ ಮುಖದ ನೆಮ್ಮದಿಯನ್ನೇ ನೋಡುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚಾಯಿತು.

"ನನಗೂ ಹಂಗ ಕಟ್ರಿ," ಎಂದಳು ಮನೆಗೆ ಬಂದು.

"ಹುಚ್ಚ ಹಿಡದೈತೇನ? ನೀ ಏನ್ ದನಾ ಏನ?"

"ದನಾ ಆಗಿದ್ರ ಕೇಳತಿದ್ನೇನ್ರಿ? ಬಾಯಿ ಐತಿ, ಕೇಳಾಕತ್ತೇನಿ. ಸಾಕಂದ್ರ ಬಿಚ್ಚಬೇಕ, ಅಷ್ಟ."

ಒಂದು ಮಧ್ಯಾಹ್ನ ಭಾಗಪ್ಪ ಬಾಗಿಲು ಮುಂದೆ ಮಾಡಿ, ಸಾರಿಸಿದ ನೆಲದ ಮೇಲೆ ಅವಳನ್ನು ಕೂಡಿಸಿ, ಬಳಸಿ ಮೆತ್ತಗಾದ ಹಗ್ಗ ಹಿಡಿದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬೆವರಿದ. ಮುತ್ತೈದೆ ಬಳೆ ತೆಗೆಯುವಂತಿಲ್ಲ, ಮೇಲಕ್ಕೆ ಸರಿಸಿ ಕಟ್ಟಿದ. ಒಂದು ದಿನ ತೋಳು, ಇನ್ನೊಂದು ದಿನ ಬರೀ ಪಾದ. ಕೆಲವೊಮ್ಮೆ ನಡುವಿಗೆ ಒಂದೇ ಸುತ್ತು ಸಾಕಾಗುತ್ತಿತ್ತು. ಅವಳು ಕಣ್ಣು ಮುಚ್ಚಿ ನೆಲಕ್ಕೊರಗಿದರೆ ಮನೆಯೇ ತಣ್ಣಗಾಗುತ್ತಿತ್ತು. ಈಗ ಕಾಲು ನಿಲ್ಲದೆ ಒದ್ದಾಡುವ ಸರದಿ ಭಾಗಪ್ಪನದು. ಯಾರಾದರೂ ಬಂದರೆ, ನೋಡಿದರೆ ಎಂದು ಬಾಗಿಲ ಸಂದಿಗೂ ಅವಳ ಬಳಿಗೂ ತಿರುಗುತ್ತಿದ್ದ.

ಇಂಥದೇ ಒಂದು ದಿನ ಕಣ್ಣು ಬಾಗಿಲಲ್ಲಿಟ್ಟು ಕಟ್ಟುವಾಗ ಕೈ ತನ್ನ ಹಳೇ ಚಾಳಿಗೆ ಬಿತ್ತು. ಎತ್ತಿನ ಕೊರಳಿಗೆ ಹಾಕುವ ಗಂಟು, ಎಳೆದಷ್ಟೂ ಬಿಗಿಯುವಂಥದು, ಅದನ್ನೇ ಅವಳ ಮುಂಗೈಗೆ ಹಾಕಿಬಿಟ್ಟ. ಸತ್ಯವ್ವ ಮಗ್ಗುಲಾದಳು. ಹಗ್ಗ ಕಚ್ಚಿತು, ಬಳೆಗಳು ಚಟಚಟನೆ ಒಡೆದವು. ತಕ್ಷಣ ಬಿಚ್ಚಿದ, ಕುಸುಬಿ ಎಣ್ಣೆ ತಿಕ್ಕಿದ, ತಲೆ ತಲೆ ಬಡಿದುಕೊಂಡ. ನೀಲಿಗಟ್ಟಿದ ಗುರುತು ಹೋಗಲಿಲ್ಲ.

ಬಳೆ ಒಡೆದ ಮೇಲೆ ಬಳೆಗಾರ ಬರಲೇಬೇಕು. ಅಮೀನಸಾಬ ಊರೂರು ತಿರುಗುವವನು. ಪರರ ಹೆಂಡಂದಿರ ಕೈ ಹಿಡಿಯುವ ಹಕ್ಕಿದ್ದದ್ದು ಅವನೊಬ್ಬನಿಗೆ. ಹೆಣ್ಣುಮಕ್ಕಳ ಕಷ್ಟಸುಖವನ್ನು ಆ ಕೈಯಲ್ಲೇ ನೋಡಿ ತವರಿಗೆ ಮುಟ್ಟಿಸುವುದೂ ಅವನ ಧರ್ಮವೇ ಆಗಿತ್ತು. ಗುರುತು ನೋಡಿದ, ಏನೂ ಕೇಳಲಿಲ್ಲ, ಬಳೆ ಇಟ್ಟು ನೆಟ್ಟಗೆ ಅವಳ ತವರು ಬಬಲೇಶ್ವರಕ್ಕೆ ಹೋದ.

ಮರುದಿನವೇ ಅಲ್ಲಿಂದ ಸತ್ಯವ್ವನ ಅಣ್ಣ ರಾಯಪ್ಪ ಬಂದ. ತಾಯಿ ಸತ್ತ ಮೇಲೆ ತಂಗಿಯನ್ನು ಸಾಕಿದವನು ಅವನೇ. ಹೊಸ್ತಿಲು ದಾಟಲಿಲ್ಲ.

"ಸೀರಿ ಗಂಟ ಕಟ್ಟ, ನಡಿ ತಂಗೆವ್ವ."

"ಅಣ್ಣಾ, ಅವರು ಹೊಡದಿಲ್ಲೋ. ಹಗ್ಗ ಕಟ್ರಿ ಅಂತ ನಾನ ಕೇಳೀನಿ. ಮನಸಿಗೆ ಸಮಾಧಾನ ಆಗ್ತೈತಿ."

"ಹೊಡತಾ ತಿಂದಾಕಿ ಹಿಂಗ ಹೇಳೂದು. ನಮ್ಮವ್ವನೂ ಬಾವಿ ಪಾವಟಿಗ್ಯಾಗ ಬಿದ್ದೆ, ಬಾವಿ ಪಾವಟಿಗ್ಯಾಗ ಬಿದ್ದೆ ಅಂತ ಹೇಳಿ ಹೇಳೇ ಸತ್ಲು."

ನಿಜ ಹೇಳಿದರೆ ಅದು ಅವ್ವನ ಸುಳ್ಳಿನ ಹಾಗೇ ಕೇಳುತ್ತಿತ್ತು. ಸತ್ಯವ್ವ ಗಂಡನ ಕಡೆ ನೋಡಿದಳು. ಅವನು ನಾಚಿಕೆಯಿಂದ ನೆಲ ನೋಡುತ್ತಿದ್ದ. ಹೇಳಿದರೆ ಊರು ನಗುತ್ತದೆ, ಸುಮ್ಮನಿದ್ದರೆ ಹೆಂಡತಿ ಹೋಗುತ್ತಾಳೆ.

ಭಾಗಪ್ಪ ಎದ್ದು ಹಗ್ಗ ತಂದ. ತೆರೆದ ಬಾಗಿಲ ಮುಂದೆಯೇ ನೆಲಕ್ಕೆ ಕೂತು ಎರಡೂ ಕೈ ಚಾಚಿದ.

"ಕಟ್ಟ. ಯಾರ ಬೇಕಾದ್ರೂ ನೋಡ್ಲಿ."

ಅವಳು ಎಂದೂ ಕಟ್ಟಿದವಳಲ್ಲ. ಎದುರಿಗೆ ಕೂತಳು. ಗಂಡನ ಉಸಿರು ಹಗುರಾಗಲೆಂದು ಕಾದು ಒಂದು ಸುತ್ತು ಹಾಕಿದಳು, ಮತ್ತೆ ಕಾದಳು. ಬೀದಿಯಲ್ಲಿ ಯಾರೋ ನಿಂತು ನಕ್ಕು ಹೋದರು. ಭಾಗಪ್ಪನ ಮುಖ ಕೆಂಪಾಯಿತು, ಕೈ ಹಿಂದಕ್ಕೆ ಎಳೆಯಲಿಲ್ಲ.

ಗಂಡ ಹೆಂಡಿರ ಈ ಆಟ ರಾಯಪ್ಪನಿಗೆ ಅರ್ಥವಾಗಲಿಲ್ಲ. ಕೊನೆಗೆ ಹೊಸ್ತಿಲ ಮೇಲೆ ಕುಸಿದು ಕೂತ.

"ನಿನ್ನ ಮಾತ ನಂಬಾಕ ಆಗವಲ್ದ ಯವ್ವಾ," ಎಂದ. "ಆದ್ರ ಎಳಕೊಂಡೂ ಹೋಗಾಂಗಿಲ್ಲ. ಸಂತಿ ಸಂತಿಗೆ ಬರತೇನಿ. ಬಂದಾಗೆಲ್ಲ ಕೈ ತೋರಸಬೇಕ. ನಮ್ಮವ್ವನ ಕೈ ನಾ ಒಮ್ಮೆನೂ ನೋಡಲಿಲ್ಲ."

"ತೋರಸ್ತೇನಿ ಅಣ್ಣಾ."

ಅವನು ಬಸ್ಸಿಗೆ ಹೊರಟುಹೋದ. ಭಾಗಪ್ಪನ ಕಣ್ಣಿಂದ ನೀರು ದಳದಳನೆ ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸತ್ಯವ್ವ ಸೆರಗಿನಿಂದ ಒರೆಸಿದಳು.