ಕಿತ್ತ ನಂಬರ್ ಚೀಟಿ

ಮತ್ತಿಗಿರಿಯ ಮುನಿವೆಂಕಟಮ್ಮನಿಗೆ ಸೊಸೆಯ ಮೇಲೆ ಅನುಮಾನ ಹುಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ. ಉಂಡು ಕಣ್ಣು ಮುಚ್ಚಿಕೊಂಡಿದ್ದಳೇ ಹೊರತು ನಿದ್ದೆ ಹೋಗಿರಲಿಲ್ಲ. ಏಪ್ರಿಲ್ ತಿಂಗಳು, ಶೀಟಿನ ಮನೆ. ಆ ಕಾವಿನಲ್ಲಿ ನಿದ್ದೆ ಬರಬೇಕಾದರೆ ಪುಣ್ಯ ಮಾಡಿರಬೇಕು. ಒಳಕೋಣೆಯಲ್ಲಿ ಕತ್ತರಿ ಕರಕರ ಎಂದಿತು. ಮುನಿವೆಂಕಟಮ್ಮ ಕೆಮ್ಮಿದಳು. ಕತ್ತರಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕರಕರ. ಈ ಸಲ ಬೇಕೆಂದೇ ಕೆಮ್ಮಿದಳು. ಮತ್ತೆ ನಿಂತಿತು.

ಕೆಮ್ಮಿಗೆ ಹೆದರುವ ಕತ್ತರಿ ಒಳ್ಳೆಯದನ್ನು ಕತ್ತರಿಸುತ್ತಿರಲಾರದು ಎಂದು ಅವಳಿಗೆ ಅನ್ನಿಸಿತು.

ಸೊಸೆ ರಮ್ಯ ಮೂಕಂಡಪಲ್ಲಿ ಕಡೆ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಪರದೇಶಕ್ಕೆ ಹೋಗುವ ತೋಳಿಲ್ಲದ ಟಾಪುಗಳಿಗೆ ಕಂಕುಳ ಸುತ್ತ ಪಟ್ಟಿ ಕೂರಿಸುವುದು ಅವಳ ಕೆಲಸ. ಬೆಳಗಿಂದ ಸಂಜೆತನಕ ಅದೊಂದೇ. ಕುತ್ತಿಗೆ ಇನ್ನೊಬ್ಬಳದು, ಪಕ್ಕದ ಹೊಲಿಗೆ ಮತ್ತೊಬ್ಬಳದು. ಹೊಲಿಯುವವಳು ಹೌದು, ಆದರೆ ಒಂದು ಇಡೀ ಬಟ್ಟೆಯನ್ನು ಹುಟ್ಟಿದಾರಭ್ಯ ಹೊಲಿದವಳಲ್ಲ.

ಸೋಮವಾರ ರಮ್ಯ ಕೆಲಸಕ್ಕೆ, ಮಗ ವೆಂಕಿ ಫ್ಯಾಕ್ಟರಿಗೆ ಹೋದದ್ದೇ ತಡ, ಮುನಿವೆಂಕಟಮ್ಮ ಸೊಸೆಯ ಟ್ರಂಕಿನ ಮುಚ್ಚಳ ಎತ್ತಿದಳು. ಮದುವೆ ಸೀರೆಯ ಅಡಿಯಲ್ಲಿ ತಿಳಿನೀಲಿ ಬಟ್ಟೆಯ ತುಂಡುಗಳು ನೀಟಾಗಿ ಮಡಚಿದ್ದವು. ಒಂದೊಂದರ ಮೇಲೂ ಉಗುರಗಲದ ಚೀಟಿ, ಚೀಟಿಯ ಮೇಲೆ ನಂಬರ್.

ಹಿಂದಿನ ಬೀದಿಯ ರಮಾದೇವಿ ಕೆಲಸ ಕಳೆದುಕೊಂಡದ್ದು ಇಂಥದ್ದೇ ತುಂಡಿಗೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದು ಗಾರ್ಮೆಂಟ್ಸಿನ ಗೇಟಿನಲ್ಲಿ ಸಿಕ್ಕಿಬಿತ್ತು. ನಂಬರ್ ಚೀಟಿ ಇದ್ದಮೇಲೆ ಅದು ಕಂಪನಿ ಮಾಲೇ, ಬೇರೆ ಸಾಕ್ಷಿ ಬೇಡ ಎಂದು ರಮಾದೇವಿಯೇ ಮೂಗೊರೆಸಿಕೊಂಡು ಹೇಳಿದ್ದಳು. ಆಮೇಲೆ ಬೀದಿಯ ಬಾಯಿಗೆ ಬಿದ್ದು ಅವಳು ನಲ್ಲಿಯ ಹತ್ತಿರ ಬರುವುದನ್ನೇ ಬಿಟ್ಟಳು.

ಸೊಸೆಯನ್ನು ಕೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿ, ಅವಳು ಹೌದು ಅಂದುಬಿಟ್ಟರೆ? ಕಂಪನಿಯವರು ಮನೆ ಹುಡುಕಿಕೊಂಡು ಬಂದರೆ? ಮುನಿವೆಂಕಟಮ್ಮ ಬಾಗಿಲಿಗೆ ಅಗುಳಿ ಹಾಕಿ, ಚೀಟಿಗಳನ್ನೆಲ್ಲ ಉಗುರಿನಿಂದ ಕೆರೆದು ಕಿತ್ತು, ನೀರೊಲೆಗೆ ಹಾಕಿದಳು. ತುಂಡುಗಳನ್ನು ಇದ್ದಹಾಗೇ ಮಡಚಿಟ್ಟಳು. ಸೊಸೆಯನ್ನು ಉಳಿಸಿಕೊಂಡೆ ಅಂತ ಸಮಾಧಾನವೂ ಆಯಿತು, ಕಳ್ಳಿಯೊಬ್ಬಳು ಮನೆಯಲ್ಲಿದ್ದಾಳೆ ಅಂತ ಸಂಕಟವೂ ಆಯಿತು. ಆ ವಾರವೆಲ್ಲ ಸೊಸೆ ಕೊಟ್ಟ ಕಾಫಿ ಅವಳ ಗಂಟಲಲ್ಲಿ ಸರಿಯಾಗಿ ಇಳಿಯಲಿಲ್ಲ.

ಮುಂದಿನ ಭಾನುವಾರ ಒಳಗೆ ರಮ್ಯಳ ಹೊಲಿಗೆ ಮಿಷನ್ನು ಓಡಿತು, ನಿಂತಿತು, ಬಹಳ ಹೊತ್ತು ತಡೆದು ಮತ್ತೆ ಓಡಿತು. ಸಂಜೆ ಬಿಸಿಲಿರುವಾಗಲೇ ರಮ್ಯ ಅಂಗಳಕ್ಕೆ ಬಂದು, ಬೆನ್ನ ಹಿಂದೆ ಇಟ್ಟುಕೊಂಡಿದ್ದನ್ನು ಮುಂದೆ ಹಿಡಿದಳು. ತೋಳಿಲ್ಲದ ಒಂದು ಟಾಪು.

"ಅತ್ತೆ, ಬೈಬ್ಯಾಡಿ. ಸೆಕೆ ತಡಿಯಾಕಾಗಲ್ಲ. ಮನೆ ಒಳಗೆ ಮಾತ್ರ ಹಾಕ್ಕಂತೀನಿ ಅಂತ ಹೊಲ್ಕಂಡೆ."

ಅಷ್ಟರಲ್ಲಿ ಅವಳ ಮುಖವೇ ಇಳಿಯಿತು. ಒಳಕೋಣೆಯ ಮಬ್ಬಿನಲ್ಲಿ ಕಾಣದ್ದು ಈಗ ಕಂಡಿತು. ಬಿಸಿಲಿಗೆ ಹಿಡಿದ ಟಾಪಿನ ಒಂದು ಮಗ್ಗುಲು ಮಿರಿಮಿರಿ ಎನ್ನುತ್ತಿತ್ತು, ಇನ್ನೊಂದು ಮಂಕಾಗಿತ್ತು. ಅರ್ಧ ಬಟ್ಟೆ ಒಳಗು ಹೊರಗಾಗಿ ಸೇರಿಕೊಂಡಿತ್ತು.

"ಚೀಟಿ ಸೆಕೆಗೆ ಉದುರೋದ್ವೇನೋ ಅನ್ಕಂಡೆ," ಎಂದಳು ತನಗೇ ಎಂಬಂತೆ.

"ಉದುರ್ಲಿಲ್ಲ, ನಾನೇ ಕಿತ್ತು ಒಲೆಗಾಕಿವ್ನಿ!" ಮುನಿವೆಂಕಟಮ್ಮನಿಗೆ ವಾರದಿಂದ ತಡೆದದ್ದು ಬಾಯಿಗೆ ಬಂತು. "ಕಂಪನಿ ಬಟ್ಟೆ ಹಿಡ್ಕಂಡು ಅಂಗಳಕ್ಕೆ ಬತ್ತೀಯಲ್ಲೇ, ರಮಾದೇವಿ ಗತಿ ನೋಡ್ಲಿಲ್ವಾ ನೀನು?"

ರಮ್ಯ ಟಾಪನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು.

"ಇದು ಬಾಗಲೂರು ರೋಡಲ್ಲಿ ತಂದ ಕಟ್ ಪೀಸು ಅತ್ತೆ. ಚೀಟಿ ನಾನೇ ಬರ್ದು ಅಂಟಿಸಿದ್ದು. ಕಂಪನೀಲಿ ಎಡ ಬಲ, ಒಳಗು ಹೊರಗು ಎಲ್ಲ ಚೀಟಿ ನೋಡೇ ಹೊಲಿಯೋದು. ಅದಿಲ್ದಿದ್ರೆ ನಂಗೆ ಕೈಯೇ ಓಡಲ್ಲ. ಗೇಟಲ್ಲಿ ದಿನಾ ಮೈ ತಡವ್ತಾರೆ. ಅವ್ರಿಗೆ ನಾನು ಯಾರೋ. ನೀವೂ ತಡವ್ಬುಟ್ರಿ."

ರಮ್ಯ ಟಾಪನ್ನು ಮುದ್ದೆಮಾಡಿ ಮೂಲೆಗೆ ಎಸೆದು ಅಡುಗೆಮನೆಗೆ ಹೋದಳು.

ಸೋಮವಾರ ಸಂಜೆ ಕೆಲಸದಿಂದ ಬಂದವಳು ಒಳಗೆ ಕಾಲಿಡುವ ಮುಂಚೆ ಹೊಸ್ತಿಲ ಮೇಲೆ ಬ್ಯಾಗನ್ನು ಬಗ್ಗಿಸಿದಳು. ಟಿಫನ್ ಡಬ್ಬಿ, ನೀರಿನ ಬಾಟಲಿ, ಬಾಚಣಿಗೆ ಎಲ್ಲ ಅತ್ತೆಯ ಕಾಲ ಬಳಿ ಬಿದ್ದವು.

"ನೋಡ್ಕಳಿ ಅತ್ತೆ."

"ನಾನೇನು ಗೇಟಿನೋಳೇನೆ, ರಮ್ಯ?"

"ಅಲ್ವಾ, ಅತ್ತೆ?"

ಆ ಮಾತು ನೆಟ್ಟಗೆ ಹೋಗಿ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮುನಿವೆಂಕಟಮ್ಮನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬಗ್ಗಿ ಡಬ್ಬಿ, ಬಾಟಲಿ, ಬಾಚಣಿಗೆಯನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ತುಂಬಿದಳು. ಆಮೇಲೆ ಒಳಗೆ ಹೋಗಿ ಒಂದು ಮೊರ ತಂದು ಸೊಸೆಯ ಮುಂದೆ ಇಟ್ಟಳು.

ಮೊರದಲ್ಲಿ ತಿಳಿನೀಲಿ ತುಂಡುಗಳಿದ್ದವು. ಹಗಲೆಲ್ಲ ಕೂತು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿ, ಬಿಸಿಲಿಗೆ ಹಿಡಿದು ಹಿಡಿದು ನೋಡಿದ್ದಳು. ರಮ್ಯಳ ಕನ್ನಡಿಯ ಮೇಲಿದ್ದ ಸ್ಟಿಕ್ಕರ್ ಬೊಟ್ಟುಗಳು ಈಗ ಒಂದೊಂದು ತುಂಡಿನ ಮೇಲೆ ಕೆಂಪಗೆ ಕೂತಿದ್ದವು.

"ಮಿರುಗೋ ಮಗ್ಗುಲಿಗೆ ಬೊಟ್ಟು ಇಕ್ಕಿವ್ನಿ," ಎಂದಳು, ಮುಖ ಬೇರೆ ಕಡೆ ತಿರುಗಿಸಿಕೊಂಡು. "ಎಡ ಬಲ ನಂಗೆ ತಿಳೀಲಿಲ್ಲ. ಅದು ನೀನೇ ನೋಡ್ಕವ್ವ."

ರಮ್ಯ ಒಂದು ತುಂಡನ್ನೆತ್ತಿ ಅದರ ಬೊಟ್ಟನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಆಮೇಲೆ ಬ್ಯಾಗಿನ ಜಿಪ್ಪು ಎಳೆದು, ಮೊರ ಎತ್ತಿಕೊಂಡು ಒಳಗೆ ಬಂದಳು.