ಕೊನೆಗೆ ಉಣ್ಣುವವಳು

ಆ ಊರಿನಲ್ಲಿ ಸಾವಾದರೆ ಪ್ರತಿ ಮನೆಯಿಂದ ಒಬ್ಬ ಸೊಸೆ ಹೋಗಿ ಅಡುಗೆ ಮಾಡಬೇಕು. ಹೋಗದಿದ್ದರೆ ನಾಳೆ ನಮ್ಮ ಹೆಣಕ್ಕೆ ಯಾರು ಬರುತ್ತಾರೆ ಎಂಬ ಮಾತು ಸಿದ್ಧವಾಗಿಯೇ ಇರುತ್ತದೆ. ಆ ಡಿಸೆಂಬರಿನಲ್ಲಿ ಕೇಪ್ ಟೌನಿನಿಂದ ರಜೆಗೆಂದು ಬಸ್ಸು ತುಂಬ ಜನ ಬಂದರು. ಜೊತೆಗೆ ಕೊರೊನಾದ ಹೊಸ ತಳಿಯೂ ಬಂತು. ಹೆಣಗಳು ಒಂದರ ಹಿಂದೊಂದು ಬಿದ್ದವು. ಪೊಲೀಸರು ಬಂದು ಸಾವಿನ ಮನೆಯ ಮುಂದೆ ಹಾಕಿದ ಡೇರೆಯೊಳಗಿನ ತಲೆಗಳನ್ನು ಎಣಿಸಿ, ಹೆಚ್ಚಾದವರನ್ನು ಗದರಿಸಿ ಓಡಿಸುತ್ತಿದ್ದರು. ಹಿತ್ತಲಿನಲ್ಲಿ ಕಬ್ಬಿಣದ ಹಂಡೆಗಳ ಸುತ್ತ ಹೆಗಲಿಗೆ ಹೆಗಲು ತಾಗಿಸಿ ಕೂತ ಸೊಸೆಯರನ್ನು ಮಾತ್ರ ಯಾರೂ ಎಣಿಸಲಿಲ್ಲ. ಸೊಸೆಯರನ್ನು ಯಾವ ಕಾಲಕ್ಕೆ ಯಾರು ಲೆಕ್ಕಕ್ಕೆ ಹಿಡಿದಿದ್ದಾರೆ!

ಬಬಾಲ್ವಾ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಲ್ವಾಂಡಿಲೆ ದೂರದ ಗಣಿಯಲ್ಲಿದ್ದ, ಈ ಸಲ ಅವನಿಗೆ ರಜೆ ಸಿಗಲಿಲ್ಲ. ಶಾಲೆಗೆ ಹೋಗುವಾಗಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಬದುಕಿಲ್ಲ. ಅದು ಗಂಡನಿಗೆ ಗೊತ್ತು, ಅತ್ತೆಮಾವನಿಗೆ ಗೊತ್ತಿಲ್ಲ.

"ಒಂದು ಮಗು ಆಗೋವರೆಗೂ ಬಾಯಿ ಬಿಡಬೇಡ. ರೋಗದ ಹೆಣ್ಣು ಕೊಟ್ಟು, ಹೆಣ್ಣಿನ ತೆರ ಅಂತ ನಮ್ಮ ದನ ಹೊಡ್ಕೊಂಡು ಹೋದ್ರು ಅಂತಾರೆ" ಎಂದು ತಾಯಿ ಕಳಿಸುವಾಗಲೇ ಕಿವಿಯಲ್ಲಿ ಹೇಳಿದ್ದಳು.

ಔಷಧಿಯನ್ನು ಅವಳು ಮಂಚದಡಿಯ ಮಡಕೆಯಲ್ಲಿ, ಒದ್ದೆ ಮರಳಿನೊಳಗೆ ತಂಪಾಗಿ ಬಚ್ಚಿಟ್ಟಿದ್ದಳು. ಅದು ಸುಲಭ. ಕಷ್ಟವೆಲ್ಲ ಊಟದ್ದು. ಸೊಸೆಯಾದವಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕು. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈಕಾಲು ನಡುಗಿ ಕಣ್ಣು ಕತ್ತಲಿಡುತ್ತದೆ. ಒಮ್ಮೆ ನೀರಿನ ಬಕೆಟ್ಟಿನ ಸಮೇತ ಬಿದ್ದಾಗ ಅತ್ತೆ ಮಾಬೇಲೆ, ಬಸುರಿರಬೇಕು ಎಂದು ಹಿಗ್ಗಿ ಅಕ್ಕಪಕ್ಕಕ್ಕೆಲ್ಲ ಹೇಳಿಕೊಂಡು ಬಂದಿದ್ದಳು. ಅಂದಿನಿಂದ ಬಬಾಲ್ವಾ ಔಷಧಿಯನ್ನೇ ಅರ್ಧಕ್ಕಿಳಿಸಿದಳು. ಬೀಳುವುದು ನಿಂತಿತು, ಸಕ್ಕರೆ ಏರಿತು. ಎಷ್ಟು ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು.

ರೇಡಿಯೋದಲ್ಲಿ ದಿನವೂ ಅದೇ ಮಾತು. ಈ ಹೊಸ ತಳಿ ಬೇಗ ಹರಡುತ್ತದೆ. ಸಕ್ಕರೆ, ಬಿಪಿ, ಕ್ಷಯ ಇದ್ದವರ ಮೈಯನ್ನು ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ಸಕ್ಕರೆ ಎಂಬ ಮಾತು ಬಂದಾಗಲೆಲ್ಲ ಬಬಾಲ್ವಾ ಹೋಗಿ ರೇಡಿಯೋದ ದನಿ ತಗ್ಗಿಸುತ್ತಿದ್ದಳು.

ಮೇಲಿನ ಕೇರಿಯ ಮುದುಕಿ ಸತ್ತಳೆಂದು ಸುದ್ದಿ ಬಂದ ಬೆಳಿಗ್ಗೆ ಮಾಬೇಲೆ ಚಾಕು ತಂದು ಸೊಸೆಯ ಕೈಗಿಟ್ಟಳು.

"ಹೋಗು ಮಗಳೇ. ನಿಮ್ಮ ಮಾವಂಗೆ ಉಬ್ಬಸ, ನನಗೆ ಬಿಪಿ. ನಾವು ಹೊಸ್ತಿಲು ದಾಟಿದ್ರೆ ನಮ್ಮ ಹೆಣಕ್ಕೇ ನೀನು ಆಲೂಗಡ್ಡೆ ಸುಲೀಬೇಕಾಗುತ್ತೆ."

"ನನಗೆ ಭಯ ಆಗುತ್ತಮ್ಮ."

ಮಾಬೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಭಯವಂತೆ! ಕಲ್ಲು ತಿಂದು ಅರಗಿಸ್ಕೊಳ್ಳೋ ವಯಸ್ಸು ನಿಂದು. ಕೊರೊನಾನೇ ನಿನ್ನ ನೋಡಿ ದಾರಿ ಬಿಡುತ್ತೆ, ನಡಿ ನಡಿ."

ಗಂಟಲವರೆಗೆ ಬಂದ ಮಾತನ್ನು ಬಬಾಲ್ವಾ ನುಂಗಿಕೊಂಡು, ಸೊಸೆಯಾದವಳು ಮಾವನೆದುರು ತೆಗೆಯಬಾರದ ಹೆಗಲಿನ ಶಾಲು ಸರಿಪಡಿಸಿಕೊಂಡು ಹೊರಟಳು. ಹಂಡೆಯ ಆಚೆ ಬದಿಗೆ ಕೂತಿದ್ದ ಹುಡುಗಿ ದಿನವಿಡೀ ಕೆಮ್ಮುತ್ತಿದ್ದಳು. ಹೊಗೆ ಕಣ್ರೇ, ಹೊಗೆ ಎಂದು ಎಲ್ಲರೂ ನಕ್ಕರು.

ಆ ವಾರ ಕಳೆಯುವುದರೊಳಗೆ ಬಬಾಲ್ವಾ ಹಾಸಿಗೆ ಹಿಡಿದಳು. ಮೊದಲು ಜ್ವರ, ಆಮೇಲೆ ವಾಂತಿ, ಆಮೇಲೆ ಏದುಸಿರು. ಮಡಕೆ ಮಂಚದಡಿಯಲ್ಲೇ ಇತ್ತು, ಆದರೆ ಅತ್ತೆ ಪಕ್ಕದಿಂದ ಕದಲಲೊಲ್ಲಳು. ಹಣೆಗೆ ಬಟ್ಟೆ ಹಾಕಿದಳು, ಸೊಪ್ಪು ಕುದಿಸಿ ಹಬೆ ಕೊಟ್ಟಳು, ಹುಳಿ ಬರಿಸಿದ ಜೋಳದ ಗಂಜಿಗೆ ಸಕ್ಕರೆ ಸುರಿದು ಕಲಕಿ ತುಟಿಗೆ ಹಿಡಿದಳು.

"ಕುಡಿ ಕಂದ. ಸಿಹಿ ಹೋದ್ರೆ ಶಕ್ತಿ ಬರುತ್ತೆ."

ಇಷ್ಟು ದಿನ ಮಾವ ಉಂಡ ಮೇಲೆ ಉಂಡವಳಿಗೆ ಇಂದು ಎಲ್ಲರಿಗಿಂತ ಮೊದಲ ಬಟ್ಟಲು, ಅದೂ ವಿಷದ್ದು. ಇದನ್ನು ಕುಡಿದರೆ ಸಾಯುತ್ತೇನೆ, ಹೇಳಿದರೆ ತವರಿಗೆ ಅಟ್ಟುತ್ತಾರೆ. ಸಾಯುವ ಭಯವೇ ದೊಡ್ಡದಾಯಿತು. ಬಟ್ಟಲನ್ನು ದೂಡಿದಳು.

"ಅಮ್ಮಾ, ನನಗೆ ಸಕ್ಕರೆ ಕಾಯಿಲೆ ಇದೆ. ಮಂಚದಡಿ... ಮಡಕೇಲಿ..."

ಮಾಬೇಲೆ ಮರಳಿಗೆ ಕೈ ಹಾಕಿ ಪುಟ್ಟ ಸೀಸೆಯನ್ನು ಎತ್ತಿದಳು. ಬೈಯುತ್ತಾಳೆಂದು ಬಬಾಲ್ವಾ ಕಣ್ಣು ಮುಚ್ಚಿದಳು. ಮಾಬೇಲೆ ಬೈಯಲಿಲ್ಲ. ಬಾಗಿಲಿಗೆ ಓಡಿ, ಗಾಡಿ ತೆಗೀರಿ ಎಂದು ಗಂಡನಿಗೆ ಕೂಗಿದಳು.

ಆಸ್ಪತ್ರೆಯ ಗೇಟಿನ ಮುಂದೆ ಉಸಿರಿಗಾಗಿ ಬಾಯಿ ಬಿಡುವವರ ಸಾಲೇ ನಿಂತಿತ್ತು. ಸೊಸೆಯನ್ನು ಸಾಲಿನ ಬಳಿ ಇಳಿಸಿ ಅತ್ತೆಮಾವ ಗಾಡಿಯನ್ನು ಬದಿಗೆ ನಿಲ್ಲಿಸಲು ಹೋದರು. ಒಬ್ಬ ಮುದುಕ ಹತ್ತಿರ ಬಂದದ್ದೇ ತಡ, ಬಬಾಲ್ವಾ ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು. ಇನ್ನೊಬ್ಬ ಬಂದ, ಮತ್ತೆ ಸರಿದಳು. ಜೀವ ಹೋಗುತ್ತಿದ್ದರೂ ರೂಢಿ ಹೋಗಲಿಲ್ಲ. ಗಾಡಿ ಇಳಿದು ಬಂದ ಮಾಬೇಲೆ ನೋಡುವಾಗ ಸೊಸೆ ಸಾಲಿನ ಕಟ್ಟಕಡೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು.

ಅವಳ ತೋಳು ಹಿಡಿದು ಮುಂದಕ್ಕೆಳೆದಳು. "ದಾರಿ ಬಿಡ್ರೋ! ಇವಳಿಗೆ ಸಕ್ಕರೆ ಕಾಯಿಲೆ! ನನ್ನ ಮಗಳಿಗೆ ಸಕ್ಕರೆ ಕಾಯಿಲೆ!" ಊರವರು ಎಷ್ಟೋ ಜನ ಅಲ್ಲಿದ್ದರು. ಮಾವನ ಎದುರಿಗೇ ಸೊಸೆಯ ಶಾಲು ಕಿತ್ತು ಅವಳ ತೋಳನ್ನು ನರ್ಸಿನ ಮುಂದೆ ಹಿಡಿದಳು.

ಬೆರಳು ಚುಚ್ಚಿ ನೋಡಿದ ನರ್ಸು ಗಾಲಿಮಂಚ ತರಲು ಒಳಗೆ ಕೂಗಿದಳು. "ಇಷ್ಟು ಏರೋವರೆಗೂ ಯಾಕಮ್ಮ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ಲು" ಎಂದಳು ಮಾಬೇಲೆ. "ಭಯ ಆಗುತ್ತಮ್ಮ ಅಂತ ಹೇಳಿದ್ಲು. ನಾನೇ ನಕ್ಕೆ."

ರೋಗಿಗಳಿಗಷ್ಟೇ ಒಳಗೆ ಪ್ರವೇಶ. ಗಾಲಿಮಂಚ ತಿರುಗಿತು, ಗೇಟು ಮುಚ್ಚಿತು. ಮೂಗಿಗೆ ಗಾಳಿಯ ಕೊಳವೆ ಇಟ್ಟರೂ ಬಬಾಲ್ವಾಳ ಎದೆ ತುಂಬಲಿಲ್ಲ. ಆಚೆಯಿಂದ ಅತ್ತೆಯ ದನಿ ಕೇಳುತ್ತಲೇ ಇತ್ತು: "ಹೆದರ್ಬೇಡ ಕಂದ, ನಾನಿಲ್ಲೇ ಇದೀನಿ!" ಮತ್ತೆ ಕೂಗಲು ಹೋದ ಆ ದನಿ ನಡುವೆ ತಡೆಯಿತು. ಹಂಡೆಯ ಆಚೆ ಬದಿಯಲ್ಲಿ ದಿನವಿಡೀ ಕೇಳಿದ್ದ ಅದೇ ಒಣಕೆಮ್ಮು ಈಗ ಗೇಟಿನ ಆಚೆಯಿಂದ ಕೇಳಿತು.

"ಅಮ್ಮನಿಗೆ ಬಿಪಿ ಇದೆ" ಎಂದು ಬಬಾಲ್ವಾ ಕೊಳವೆಯ ಕೆಳಗಿನಿಂದಲೇ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಈ ಸಲ ಅವಳು ಮಾತು ನುಂಗಲಿಲ್ಲ. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು ಮತ್ತೆ ಹೇಳಿದಳು.