ಸ್ವಿಚ್ ಕೆಳಗಿದ್ದಾಗ

"ಎತ್ತು," ಎಂದಳು ಅಕ್ಕ.

ಮೈದಾನದ ಹುಲ್ಲಿನ ಮೇಲಿದ್ದ ಪುಟ್ಟ ವಿಮಾನದ ಹಿಂದೆ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಹಾರಿಸುವ ಮುಂಚೆ ಅವಳು ಹೀಗೆ ಬಾಲ ನೋಡಿ ಹೇಳಬೇಕು; ಅದು ಮೊದಲಿನಿಂದಲೂ ನಡೆದುಬಂದದ್ದು. ಆಚೆ ನಿಂತಿದ್ದ ಅವಳ ತಮ್ಮ, ಟೈಲರ್, ರಿಮೋಟಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಪೂರ್ತಿ ಎಳೆದ. ಬಾಲದ ಪಟ್ಟಿ ಒಂಚೂರೇ ಎದ್ದಿತು.

"ಎದ್ದಿದೆ."

"ಅಷ್ಟೇನಾ? ಮುಂಚೆ ಸೆಲ್ಯೂಟ್ ಹೊಡೀತಿತ್ತಲ್ಲೇ!"

"ಈಗ ಸುಮ್ನೆ ತಲೆ ಆಡಿಸುತ್ತೆ. ನಾನೇ ಹಾಗೆ ಇಟ್ಟಿರೋದು ಕಣೋ."

ವಿಮಾನ ಅವನೇ ಕಟ್ಟಿದ್ದು. ರೆಕ್ಕೆಗೆ ಹೊದಿಸಿದ್ದು ಕೋಟಿನ ಲೈನಿಂಗಿಗೆಂದು ತಂದು ಉಳಿದಿದ್ದ ನೀಲಿ ಬಟ್ಟೆ. ಕೈ ನಡುಗತೊಡಗಿದ ಮೇಲೆ ಅವನು ಕತ್ತರಿಯನ್ನು ಎತ್ತಿಟ್ಟಿದ್ದ. ಕಳೆದ ಸಲ ಹಾರಿಸಿದಾಗ ಬೆರಳಿನ ನಡುಕವೆಲ್ಲ ವಿಮಾನಕ್ಕೆ ಇಳಿದು, ಅದು ಜ್ವರ ಬಂದವರಂತೆ ಅದುರುತ್ತಾ ಬಂದು ಮೂತಿಯೂರಿತ್ತು. ನೋಡುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಆಗ ಬಗ್ಗಿ ತಮ್ಮ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಿದ್ದರು, ಬಹಳ ಹೊತ್ತು. ಹರಿದ ರೆಕ್ಕೆಯನ್ನು ಹೊಲಿದವಳು ಅಕ್ಕ. ನರ್ಸಾಗಿದ್ದವಳು, ಗಾಯಕ್ಕೆ ಹಾಕುವ ಹೊಲಿಗೆಯನ್ನೇ ಹಾಕಿದ್ದಳು.

"ಇವತ್ತೂ ನಡುಗಿದ್ರೆ ಇದನ್ನ ಮೇಷ್ಟ್ರಿಗೆ ಕೊಟ್ಟುಬಿಡ್ತೀನಿ," ಎಂದ ತಮ್ಮ. "ಮನೇಲಿಟ್ಕೊಂಡು ನೋಡ್ತಾ ಕೂರೋಕೆ ನನ್ನ ಕೈಲಾಗಲ್ಲ."

"ಕೊಡುವಿಯಂತೆ. ರಿಮೋಟಿನ ಈ ಸ್ವಿಚ್ ಮೇಲಿದ್ರೆ ನಿನ್ನ ಬೆರಳು ಆಡಿದಷ್ಟೂ ವಿಮಾನಕ್ಕೆ ಮುಟ್ಟುತ್ತೆ. ಕೆಳಗಿದ್ರೆ ನೀನು ಎಷ್ಟೇ ಎಳೆದ್ರೂ ಅದಕ್ಕೆ ಮುಟ್ಟೋದು ನೂರಕ್ಕೆ ಮೂವತ್ತು ಪಾಲು. ಬಾಲಕ್ಕೂ ರೆಕ್ಕೆಗೂ ಒಂದೇ. ಈಗ ಕೆಳಗಿದೆ."

ರಿಮೋಟಿನ ಪುಟ್ಟ ಪರದೆಯ ಮುಂದೆ ಕನ್ನಡಕ ಏರಿಸಿ ಇಳಿಸಿ ಅವಳು ಕಲಿತದ್ದು ಇಷ್ಟು.

ವಿಮಾನ ಹುಲ್ಲಿನ ಮೇಲೆ ಓಡಿತು, ನೆಲ ಬಿಟ್ಟಿತು. ತಮ್ಮನ ಹೆಬ್ಬೆರಳುಗಳು ಕಡ್ಡಿಗಳ ಮೇಲೆ ಅದುರುತ್ತಲೇ ಇದ್ದವು. ಮೇಲೆ ಮಾತ್ರ ಆ ನೀಲಿ ರೆಕ್ಕೆ, ಯಾರೋ ಚಾಕ್ ಹಿಡಿದು ಆಕಾಶಕ್ಕೆ ಗೆರೆ ಎಳೆದಂತೆ, ಒಂದಿಷ್ಟೂ ಕದಲದೆ ಸಾಗುತ್ತಿತ್ತು.

"ಅಕ್ಕಾ," ಎಂದ ಅವನು.

ಮೈದಾನದ ಕೊನೆಯಲ್ಲಿ ಮರಗಳಿದ್ದವು. ತಿರುಗಿಸಲು ಅವನು ಕಡ್ಡಿಯನ್ನು ಅಂಚಿನವರೆಗೂ ಒತ್ತಿದ. ವಿಮಾನ ರೆಕ್ಕೆ ವಾಲಿಸಿತು, ಆದರೆ ನಿಧಾನವಾಗಿ. ಮರಗಳ ಕಡೆಗೇ ಹೋಗುತ್ತಿತ್ತು.

"ತಿರುಗ್ತಿಲ್ವೇ ಇದು!"

"ಸ್ವಿಚ್! ಮೇಲೆ ಮಾಡೋ!"

ಮಾಡಿದ. ಆ ಕ್ಷಣವೇ ಅವನ ಕೈಯ ನಡುಕವೆಲ್ಲ ಆಕಾಶದಲ್ಲಿ ಕಾಣಿಸಿಕೊಂಡಿತು. ರೆಕ್ಕೆಗಳು ಪಟಪಟನೆ ಅತ್ತಿತ್ತ ತುಯ್ದವು. ಅಕ್ಕ ಮುಖ ತಿರುಗಿಸಲಿಲ್ಲ. ವಿಮಾನ ತುದಿಯೆಲೆಗಳನ್ನು ಸವರುವಷ್ಟು ಹತ್ತಿರದಲ್ಲಿ ಗಕ್ಕನೆ ಹೊರಳಿ ಇತ್ತ ಮೂತಿ ಮಾಡಿತು. ಅವನು ಸ್ವಿಚ್ಚನ್ನು ಕೆಳಗೆ ತಳ್ಳಿದ. ನಡುಕ ನಿಂತಿತು. ಗೆರೆ ಮತ್ತೆ ನೇರವಾಯಿತು.

ಬಿಸಿಲಿಗೆ ಲೈನಿಂಗ್ ಬಟ್ಟೆಯೊಳಗಿನ ಕಡ್ಡಿಗಳೆಲ್ಲ ತೋರುವಂತೆ ಅದು ಅವರ ತಲೆಯ ಮೇಲೆ ಹಾದುಹೋದಾಗ ಇಬ್ಬರೂ ಬಾಯಿ ತೆರೆದು ನೋಡಿದರು. ಮತ್ತೊಂದು ಸುತ್ತು, ಈ ಸಲ ಮರಗಳಿಗೆ ಬಹಳ ಮುಂಚೆಯೇ ತಿರುಗಿಸಿ. ಆಮೇಲೆ ಹುಲ್ಲಿನ ಮೇಲೆ ಮೆತ್ತಗೆ ಇಳಿಸಿದ.

"ಮೂವತ್ತು ಕಮ್ಮಿಯಾಯ್ತು," ಎಂದಳು ಅಕ್ಕ. "ಹೊಸ ಔಷಧಿ ಅಂದ್ರೆ ನಾನು ಯಾವಾಗ್ಲೂ ಕಮ್ಮಿಯಿಂದಾನೇ ಶುರು ಮಾಡೋದು. ಅಭ್ಯಾಸ."

"ರೋಗಿ ಮರ ಹತ್ತಿಬಿಡ್ತಿದ್ದ ಕಣೇ!"

"ಹತ್ತಲಿಲ್ವಲ್ಲ."

"ನಾಳೆ ಒಂಚೂರು ಏರಿಸು," ಎಂದು ಅವನು ಬೇರೆಲ್ಲೋ ನೋಡುತ್ತಾ ಹೇಳಿದ. "ನಲವತ್ತಕ್ಕೆ."

ಅಕ್ಕ ವಿಮಾನ ತರಲು ಹೋದಳು. ಮೂತಿಯ ಪಂಖ ನಿಂತಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ದೂರದಲ್ಲಿ ತಮ್ಮ ಇನ್ನೂ ಕಡ್ಡಿಗಳಿಂದ ಬೆರಳು ತೆಗೆದಿರಲಿಲ್ಲ. ಬಾಲದ ಪಟ್ಟಿ, ಹತ್ತಿರ ಕೂತವರಿಗೆ ಮಾತ್ರ ಕಾಣುವಷ್ಟು, ಮಲಗಿದ ಮಗುವಿನ ಉಸಿರಿನ ಹಾಗೆ ಆಡುತ್ತಿತ್ತು. ಅವಳು ಅದರ ಅಂಚಿಗೆ ಬೆರಳ ತುದಿ ತಾಗಿಸಿದಳು, ಒತ್ತಲಿಲ್ಲ.

"ಏನಾಯ್ತೇ?" ಎಂದು ಅವನು ಕೂಗಿದ.

"ಏನಿಲ್ಲ. ನೀನು ರಿಮೋಟ್ ಆರಿಸ್ಬೇಡ, ಸ್ವಲ್ಪ ಇರು," ಎಂದಳು ಅವಳು.